ಬಿಸಿಯಾದ ಮೇಲೆ ಎಳೆತ ಕಳೆದುಕೊಳ್ಳುವ ಹಳೆಯ ಪೆಟ್ರೋಲ್ ಕಾರು: ಪಂಪ್ ಬದಲಿಸುವ ಮುಂಚೆ ಏನು ನೋಡಬೇಕು?

ಪ್ರಶ್ನೆ

20 ವರ್ಷ ಹಳೆಯ 1.6 ಲೀಟರ್ ಮಲ್ಟಿಪಾಯಿಂಟ್ ಇಂಜೆಕ್ಷನ್ ಪೆಟ್ರೋಲ್ ಕಾರು. ತಣ್ಣಗಿದ್ದಾಗ ಯಾವ ತೊಂದರೆಯೂ ಇಲ್ಲ. ಅರ್ಧ ಗಂಟೆ ಓಡಿದ ಮೇಲೆ ಏರು ಬಂದರೆ, ಇಲ್ಲವೇ ಮುಂದಿನ ಗಾಡಿ ದಾಟಲು ಆಕ್ಸಿಲರೇಟರ್ ಒತ್ತಿದರೆ ತಡವರಿಸುತ್ತದೆ, ಎಳೆಯುವುದೇ ಇಲ್ಲ. ಕಾಲು ಸಡಿಲಿಸಿದರೆ ಚೇತರಿಸಿಕೊಳ್ಳುತ್ತದೆ. ಹದಿನೈದು ನಿಮಿಷ ನಿಲ್ಲಿಸಿ ಹೊರಟರೆ ಮತ್ತೆ ಮೊದಲಿನಂತೆ. ಚೆಕ್ ಎಂಜಿನ್ ದೀಪ ಹತ್ತಿಲ್ಲ, ಕಂಪ್ಯೂಟರಿನಲ್ಲಿ ದೋಷದ ಕೋಡ್ ಇಲ್ಲ. ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಫ್ಯುಯಲ್ ಫಿಲ್ಟರ್ ಹೊಸವು. ಎಲ್ಲರೂ ಫ್ಯುಯಲ್ ಪಂಪ್ ಬದಲಿಸಿ ಅನ್ನುತ್ತಾರೆ. ತಪ್ಪು ಪಂಪಿನದೇ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಉತ್ತರ 1

ಅಂದಾಜಿನ ಮೇಲೆ ಪಂಪ್ ಕೊಳ್ಳಬೇಡಿ. ಪಂಪ್ ಸೋತರೂ ಇದೇ ಲಕ್ಷಣ, ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಬಿಸಿಗೆ ಕೈಕೊಟ್ಟರೂ ಇದೇ, ಎಕ್ಸಾಸ್ಟಿನಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡರೂ ಹೆಚ್ಚುಕಡಿಮೆ ಇದೇ. ತೊಂದರೆ ಕಾಣಿಸಿಕೊಂಡ ಆ ಗಳಿಗೆಯಲ್ಲೇ ಅಳೆಯಬೇಕು. ನಿಂತ ಗಾಡಿಯಲ್ಲಿ, ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಅಳೆದರೆ ಸೋತ ಪಂಪೂ ಸರಿಯಾದ ಒತ್ತಡವನ್ನೇ ತೋರಿಸಬಹುದು. ಐಡಲ್‌ಗೆ ಬೇಕಾಗುವ ಪೆಟ್ರೋಲ್ ಅಷ್ಟು ಕಡಿಮೆ.

ಮೊದಲು ಖರ್ಚಿಲ್ಲದ ಪರೀಕ್ಷೆ. ಎಳೆತ ಹೋದ ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಗಾಳಿ ಒಳಕ್ಕೆ ಜೋರಾಗಿ ಎಳೆದುಕೊಂಡು, ಆಮೇಲೆ ಗಾಡಿ ಸರಿಯಾಗಿ ಓಡಿದರೆ ಟ್ಯಾಂಕಿನ ಗಾಳಿದಾರಿ ಕಟ್ಟಿದೆ.

ಅದಲ್ಲದಿದ್ದರೆ ಫ್ಯುಯಲ್ ರೈಲಿಗೆ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಪ್ರೆಶರ್ ಗೇಜ್ ಹಾಕಿ. ಎಂಜಿನ್ ತಣ್ಣಗಿರಲಿ, ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿಕೊಳ್ಳಿ. ಗೇಜನ್ನು ವಿಂಡ್‌ಶೀಲ್ಡಿನ ಹೊರಗಡೆಗೇ ಟೇಪ್ ಹಚ್ಚಿ ಕೂರಿಸಿ, ಪೆಟ್ರೋಲ್ ತುಂಬಿದ ಹೋಸ್ ಎಂದಿಗೂ ಕ್ಯಾಬಿನ್ ಒಳಗೆ ಬರಬಾರದು. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಲೈನ್ ಇರುವ ಈ ಬಗೆಯ ಬಹುತೇಕ ವ್ಯವಸ್ಥೆಗಳಲ್ಲಿ ಐಡಲ್‌ಗೆ ಸುಮಾರು 2.5 ಬಾರ್, ಒತ್ತಡ ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಿತ್ತಾಗ ಸುಮಾರು 3 ಬಾರ್ (ನಿಮ್ಮ ಗಾಡಿಯ ಮ್ಯಾನುಯಲ್ ಹೇಳುವುದೇ ಅಂತಿಮ). ಕಿತ್ತ ಹೋಸಿನೊಳಗೆ ಪೆಟ್ರೋಲ್ ಕಂಡರೆ ರೆಗ್ಯುಲೇಟರಿನ ಡಯಾಫ್ರಮ್ ಹರಿದಿದೆ. ಏರಿನಲ್ಲಿ ಪೂರ್ತಿ ಒತ್ತಿದಾಗಲೂ 3 ಬಾರ್ ಹತ್ತಿರವೇ ನಿಲ್ಲಬೇಕು. ಗೇಜ್ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಕೂತಿರಲಿ.

ಉತ್ತರ 2

ಒತ್ತಡ ಇಳಿಯದಿದ್ದರೆ ಪೆಟ್ರೋಲಿನ ಕಡೆ ಬಿಟ್ಟುಬಿಡಿ. ಎಳೆತ ಹೋಗುವ ರೀತಿಯನ್ನು ಗಮನಿಸಿ: ಪೆಟ್ರೋಲ್ ಸಾಲದಿದ್ದರೆ ಮೆತ್ತಗೆ ಬತ್ತಿದಂತೆ ಹೋಗುತ್ತದೆ, ಕಿಡಿ ತಪ್ಪಿದರೆ ಬಿಕ್ಕಳಿಸಿದಂತೆ ಜಗ್ಗುತ್ತದೆ. ಟ್ಯಾಕೋಮೀಟರಿನ ಮುಳ್ಳು ಥಟ್ಟನೆ ಸೊನ್ನೆಗೆ ಬಿದ್ದರೆ ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಇಡಿ.

ಎಕ್ಸಾಸ್ಟ್ ಕಟ್ಟಿದೆಯೇ ನೋಡಲು ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಸಾಕು. ಆರೋಗ್ಯವಂತ ಎಂಜಿನ್ ಸಮುದ್ರಮಟ್ಟದ ಊರಿನಲ್ಲಿ ಐಡಲ್‌ಗೆ 17ರಿಂದ 21 ಇಂಚು ಪಾದರಸ ತೋರಿಸುತ್ತದೆ. 2,500 ಆರ್‌ಪಿಎಂನಲ್ಲಿ ಹಿಡಿದಿಟ್ಟಾಗ ಮುಳ್ಳು ನಿಧಾನವಾಗಿ ಇಳಿಯುತ್ತಾ ಹೋದರೆ ಹೊಗೆ ಹೊರಹೋಗಲು ಜಾಗವಿಲ್ಲ. ಥ್ರಾಟಲ್ ಎಷ್ಟು ತೆರೆದಿದೆ ಎಂದು ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರನ್ನೂ ಬಿಡಬೇಡಿ: ಆಕ್ಸಿಲರೇಟರ್ ಒತ್ತುತ್ತಾ ಹೋದಂತೆ ಸುಮಾರು 0.5 ವೋಲ್ಟಿನಿಂದ 4.5ರವರೆಗೆ ಎಲ್ಲೂ ನೆಗೆಯದೆ ಏರಬೇಕು. ಇದಕ್ಕೆ ಮುಳ್ಳಿನ ಮೀಟರೇ ಒಳ್ಳೆಯದು, ಕ್ಷಣಮಾತ್ರದ ತಪ್ಪು ಡಿಜಿಟಲ್ ಮೀಟರಿನಲ್ಲಿ ಕಣ್ತಪ್ಪುತ್ತದೆ.

ಪ್ರಶ್ನೆ ಕೇಳಿದವರು

ಮುಚ್ಚಳ ಸಡಿಲಿಸಿದರೆ ವ್ಯತ್ಯಾಸವಿಲ್ಲ. ತಣ್ಣಗಿದ್ದಾಗ ಏರಿನಲ್ಲಿ 3.0 ಬಾರ್, ಬಿಸಿಯಾದ ಮೇಲೆ 1.8. ಹಾಗಾದರೆ ಪಂಪೇ ತಾನೇ?

ಉತ್ತರ 1

ಇನ್ನೂ ಅಲ್ಲ. ಪಂಪಿಗೆ ಸಿಗುವ ವೋಲ್ಟೇಜ್ ಕಡಿಮೆಯಾದರೂ ಅದು ನಿಧಾನವಾಗಿ ತಿರುಗಿ ಒತ್ತಡ ಇಳಿಯುತ್ತದೆ. ಎಂಜಿನ್ ಓಡುತ್ತಿರುವಾಗ, ಗಾಡಿ ಬಿಸಿಯಿದ್ದಾಗ, ಪಂಪಿನ ಕನೆಕ್ಟರ್ ಬಿಚ್ಚದೆ ಹಿಂದಿನಿಂದ ಸೂಜಿ ತೂರಿಸಿ ಅಳೆಯಿರಿ. ಬಿಚ್ಚಿ ಅಳೆದರೆ ಕರೆಂಟ್ ಹರಿಯುವುದಿಲ್ಲ, ತುಕ್ಕು ಹಿಡಿದ ತಂತಿಯೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಮೂರು ಅಳತೆ ಬೇಕು: ಪಂಪಿನ ಎರಡು ಪಿನ್‌ಗಳ ನಡುವೆ, ಬ್ಯಾಟರಿ ಪ್ಲಸ್‌ನಿಂದ ಪಂಪಿನ ಪ್ಲಸ್‌ಗೆ, ಪಂಪಿನ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ. ಕೊನೆಯೆರಡು ಒಟ್ಟು ಸೇರಿ ಅರ್ಧ ವೋಲ್ಟಿನ ಆಸುಪಾಸಿನಲ್ಲೇ ಇರಬೇಕು.

ಪ್ರಶ್ನೆ ಕೇಳಿದವರು

ಬ್ಯಾಟರಿ 13.9, ಪಂಪಿನಲ್ಲಿ 11.6. ಪ್ಲಸ್ ಕಡೆ ನಷ್ಟ 0.3, ಮೈನಸ್ ಕಡೆ 2.0.

ಉತ್ತರ 1

ಸಿಕ್ಕಿತು. ಅರ್ತ್ ದಾರಿಯಲ್ಲೇ (ಮೈನಸ್ ಕಡೆ) 2 ವೋಲ್ಟ್ ಕಳೆದುಹೋಗುತ್ತಿದೆ. ಕೀಲು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಹೆಚ್ಚುತ್ತದೆ, ಅದಕ್ಕೇ ತಣ್ಣಗಿದ್ದಾಗ ತೊಂದರೆ ಕಾಣುವುದಿಲ್ಲ. ಪಂಪಿನ ಕಪ್ಪು ತಂತಿ ಬಾಡಿಗೆ ಬೋಲ್ಟ್ ಆಗಿರುವ ಜಾಗ ಹುಡುಕಿ (ಸಾಮಾನ್ಯವಾಗಿ ಹಿಂದಿನ ಸೀಟಿನ ಕೆಳಗೆ ಅಥವಾ ಡಿಕ್ಕಿಯ ಪಕ್ಕದಲ್ಲಿ). ಬರೀ ಉಜ್ಜಿದರೆ ಸಾಲದು. ಬ್ಯಾಟರಿ ಮೈನಸ್ ಕಳಚಿ, ಹಳೆಯ ರಿಂಗ್ ಟರ್ಮಿನಲ್ ಕತ್ತರಿಸಿ, ಒಳಗಿನ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ಎಳೆ ಸಿಗುವವರೆಗೆ ಹಿಂದಕ್ಕೆ ಹೋಗಿ. ಹೊಸ ಟರ್ಮಿನಲ್ ಕ್ರಿಂಪ್ ಮಾಡಿ, ಬಾಡಿಯ ಬಣ್ಣ ಕೆರೆದು ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಕನೆಕ್ಟರಿನ ಪಿನ್ ಕರಗಿ ಕಂದಾಗಿದ್ದರೆ ಅದನ್ನೂ ಬದಲಿಸಿ.

ನಂತರ ಬಿಸಿ ಗಾಡಿಯಲ್ಲೇ ಮತ್ತೆ ಅಳೆಯಿರಿ. ಮೈನಸ್ ಕಡೆ 0.2 ವೋಲ್ಟಿಗಿಂತ ಕೆಳಗೆ ಬಂದೂ ಒತ್ತಡ ಇಳಿದರೆ ಆಗ ಪಂಪ್, ಅದರ ತಳದ ಜಾಲರಿ ನೋಡೋಣ. ಅಲ್ಲಿಯವರೆಗೆ ಏರಿನಲ್ಲಿ ಪೂರ್ತಿ ಒತ್ತಬೇಡಿ. ಪೆಟ್ರೋಲ್ ಸಾಲದೆ ಉರಿಯುವಾಗ ನಾಕಿಂಗ್ (ಸಿಲಿಂಡರಿನಲ್ಲಿ ಹದತಪ್ಪಿ ಸಿಡಿಯುವುದು) ಆಗಿ ಪಿಸ್ಟನ್ನಿಗೆ ಪೆಟ್ಟು ಬೀಳಬಹುದು.