ಬೆಳ್ಳಿ ರೂಪಾಯಿ ಮೇಲಿನ ಗೆರೆ: ಡೈ ಬಿರುಕೋ, ಗೀರೋ?

ಕೋಥ್ರೂಡ್ ಕನ್ನಡಿಗ:
ನಮಸ್ಕಾರ. ಪುಣೆಯ ಜುನಾ ಬಜಾರ್‌ನಲ್ಲಿ 1918ರ ಐದನೇ ಜಾರ್ಜ್ ಬೆಳ್ಳಿ ರೂಪಾಯಿ ಸಿಕ್ಕಿತು. ತೂಕ 11.6 ಗ್ರಾಂ. ರಾಜನ ತಲೆಯ ಹಿಂದೆ, ಅಂಚಿನಿಂದ ಹೊರಟು ಒಂದು ಅಕ್ಷರ ದಾಟಿ ಕಿರೀಟದವರೆಗೆ ಕೂದಲೆಳೆಯ ಗೆರೆ ಇದೆ. ಮಾರಿದವರು ‘ಡೈ ಕ್ರ್ಯಾಕ್, ಅಪರೂಪದ್ದು’ ಅಂದರು, ಅಂದರೆ ನಾಣ್ಯ ಒತ್ತುವ ಉಕ್ಕಿನ ಅಚ್ಚಿನಲ್ಲೇ (ಡೈಯಲ್ಲೇ) ಬಿರುಕಿತ್ತಂತೆ. ಅಣ್ಣ ನೋಡಿ ಸುಮ್ನೆ ಗೀರು ಅಂತಾನೆ. ಫೋಟೋದಲ್ಲಿ ಒಂದು ಸಲ ಉಬ್ಬಿದಂತೆ, ಇನ್ನೊಂದು ಸಲ ತಗ್ಗಿದಂತೆ ಕಾಣುತ್ತೆ. ಹೇಗೆ ತಿಳಿಯುವುದು?

ಭೋಸರಿ ಟೂಲ್‌ರೂಮ್:
ಪ್ರೆಸ್ ಡೈ ಮಾಡುವುದೇ ನನ್ನ ಕೆಲಸ, ಹಾಗಾಗಿ ಈ ಪ್ರಶ್ನೆ ನನಗೆ ಬಹಳ ಇಷ್ಟ. ನಾಣ್ಯದಲ್ಲಿ ಉಬ್ಬಿರುವುದೆಲ್ಲ ಡೈಯಲ್ಲಿ ತಗ್ಗು. ಹೊಡೆತ ಬಿದ್ದು ಬಿದ್ದು ಡೈಯ ಉಕ್ಕು ಸೀಳಿದರೆ, ಬೆಳ್ಳಿ ಆ ಸೀಳಿನೊಳಗೂ ನುಗ್ಗುತ್ತದೆ. ಅದಕ್ಕೇ ಬಿರುಕು ನಾಣ್ಯದ ಮೇಲೆ ಉಬ್ಬು ಗೆರೆ. ಗೀರು ಆಮೇಲೆ ಬಿದ್ದದ್ದು, ಅದು ತಗ್ಗು.

ಫೋಟೋದಲ್ಲಿ ಗೆರೆಯೊಂದನ್ನೇ ನೋಡಬೇಡಿ. ಪಕ್ಕದ ಅಕ್ಷರದ ನೆರಳು ಯಾವ ಬದಿಗಿದೆ ನೋಡಿ. ಅಕ್ಷರ ಉಬ್ಬಿರುವುದಂತೂ ಖಾತ್ರಿ ಅಲ್ವಾ? ಗೆರೆಯ ನೆರಳೂ ಅದೇ ಬದಿಗಿದ್ದರೆ ಗೆರೆಯೂ ಉಬ್ಬು. ಉಲ್ಟಾ ಇದ್ದರೆ ತಗ್ಗು. ಕೈಯಲ್ಲಿರುವ ನಾಣ್ಯವನ್ನು ಒಂದೇ ದೀಪದ ಓರೆ ಬೆಳಕಿನಲ್ಲಿ, ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಿಂದ ನೋಡಿ.

ಒಂದು ಎಚ್ಚರಿಕೆ. ಗೀರಿನ ಎರಡೂ ದಂಡೆಯಲ್ಲಿ ಬೆಳ್ಳಿ ಸ್ವಲ್ಪ ಎದ್ದಿರುತ್ತದೆ, ನೇಗಿಲು ಹೊಡೆದ ಸಾಲಿನ ಮಣ್ಣಿನ ಹಾಗೆ. ಅದನ್ನೇ ಉಬ್ಬು ಗೆರೆ ಅಂದುಕೊಳ್ಳುವವರು ತುಂಬಾ ಜನ. ನಡುವೆ ತೋಡು ಇದೆಯಾ ಹುಡುಕಿ.

ನಿಮ್ಮ ಫೋಟೋ ಹಿಗ್ಗಿಸಿ ನೋಡಿದೆ. ಗೆರೆಯ ನೆರಳೂ ಅಕ್ಷರದ ನೆರಳು ಇರುವ ಬದಿಗೇ ಇದೆ. ಗೆರೆ ಸ್ವಲ್ಪ ಡೊಂಕಾಗಿ ಬಂದು ಅಕ್ಷರದ ಮೂಲೆಯನ್ನೇ ಹಿಡಿದಿದೆ. ನಮ್ಮ ಡೈಗಳೂ ಚೂಪು ಮೂಲೆಯಲ್ಲೇ ಮೊದಲು ಸೀಳುವುದು. ಇದು ಬಿರುಕೇ.

ವಾಸ್ಕೋ ನಾಣ್ಯಪ್ರೇಮಿ:
ಸರ್ ಹೇಳಿದ್ದು ಸರಿ. ಆದರೆ ಉಬ್ಬಿದ್ದೆಲ್ಲ ಬಿರುಕಲ್ಲ. ಖಾಲಿ ಜಾಗದಲ್ಲಿ ಮಾತ್ರ ನೆಟ್ಟಗೆ, ಒತ್ತೊತ್ತಾಗಿ ಸಣ್ಣ ಗೆರೆಗಳಿದ್ದರೆ ಅದು ಡೈ ಉಜ್ಜಿ ಪಾಲಿಶ್ ಮಾಡಿದ ಗುರುತು. ಡೈಯಲ್ಲಿ ಅಕ್ಷರ, ಮುಖ ಎಲ್ಲ ಆಳದಲ್ಲಿರುತ್ತವೆ, ಪಾಲಿಶ್ ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಆ ಗೆರೆಗಳು ಅಕ್ಷರದ ಬುಡಕ್ಕೆ ನಿಂತುಬಿಡುತ್ತವೆ. ಬಿರುಕು ಅಕ್ಷರದ ಮೇಲೂ ಹತ್ತಿ ಹೋಗುತ್ತದೆ.

ಕೋಥ್ರೂಡ್ ಕನ್ನಡಿಗ:
ಇಬ್ಬರಿಗೂ ಧನ್ಯವಾದ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಇನ್ನೂ ಚೆನ್ನಾಗಿ ಕಾಣುತ್ತೆ ಅಂತಾನೆ ಅಣ್ಣ. ಮಾಡಬಹುದಾ? ಬೆಲೆ ಜಾಸ್ತಿ ಆಗುತ್ತಾ?

ಭೋಸರಿ ಟೂಲ್‌ರೂಮ್:
ದಯವಿಟ್ಟು ತಿಕ್ಕಬೇಡಿ! ಹೊಸ ಗೀರುಗಳು ಬೀಳುತ್ತವೆ, ಹಳೆಯ ಕಪ್ಪು ಹೋದರೆ ಬೆಲೆಯೂ ಇಳಿಯುತ್ತದೆ. ಆ ಕಪ್ಪೇ ನಮಗೆ ಸಾಕ್ಷಿ. ಕಪ್ಪನ್ನು ಸೀಳಿಕೊಂಡು ಬೆಳ್ಳಗೆ ಹೊಳೆಯುವ ಗೆರೆ ಇತ್ತೀಚಿನ ಗೀರು. ನಿಮ್ಮದರಲ್ಲಿ ಗೆರೆಯ ಮೇಲೂ ಅದೇ ಕಪ್ಪು ಕೂತಿದೆ.

ಬೆಲೆ ವಿಷಯ: ಇಷ್ಟು ಸಣ್ಣ ಬಿರುಕು ಹಳೆ ರೂಪಾಯಿಗಳಲ್ಲಿ ಅಪರೂಪವಲ್ಲ. ಅದಕ್ಕೆಂದೇ ಜಾಸ್ತಿ ದುಡ್ಡು ಕೊಡಬೇಡಿ. ಇನ್ನೊಂದು 1918ರ ರೂಪಾಯಿಯಲ್ಲಿ ಅದೇ ಜಾಗದಲ್ಲಿ ಅದೇ ಡೊಂಕು ಗೆರೆ ಕಂಡರೆ ಎರಡೂ ಒಂದೇ ಡೈಯವು, ಅಣ್ಣನ ತಕರಾರೂ ಮುಗಿಯುತ್ತದೆ. ಸಿಕ್ಕರೆ ಪಕ್ಕಪಕ್ಕ ಇಟ್ಟು ಫೋಟೋ ಹಾಕಿ.