ಪ್ಯಾರಿಸ್‌ನ ವಿಚಿತ್ರ ರುಚಿಯ ಮ್ಯಾಕರಾನ್: ಯಾವುದನ್ನು ಆರಿಸಬೇಕು, ಹೇಗೆ ತಿನ್ನಬೇಕು?

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ನಾನು, ನನ್ನ ಹೆಂಡತಿ ಪ್ಯಾರಿಸ್‌ಗೆ ಹೊರಟಿದ್ದೇವೆ. ಅಲ್ಲಿ ಆಲಿವ್ ಎಣ್ಣೆ, ವಸಾಬಿ (ಜಪಾನಿನ ಖಾರದ ಬೇರು), ಕಪ್ಪು ಎಳ್ಳು ಹಾಕಿದ ಮ್ಯಾಕರಾನ್ ಎಲ್ಲ ಸಿಗುತ್ತವಂತೆ. ನಾವು ತಿಂದಿರುವುದು ಚಾಕೊಲೇಟ್, ವೆನಿಲಾ ಅಷ್ಟೇ. ಇವು ನಿಜವಾಗಲೂ ಚೆನ್ನಾಗಿರುತ್ತವಾ, ಇಲ್ಲ ಸುಮ್ನೆ ಹೆಸರಿಗೆ ಮಾಡುತ್ತಾರಾ? ನೀವು ಪೇಸ್ಟ್ರಿ ಶೆಫ್ ಅಲ್ವಾ, ಆರಿಸುವುದು ಹೇಗೆ ಅಂತ ಹೇಳಿ.

ಉತ್ತರ: ಎರಡೂ ಥರ ಇವೆ ಸರ್. ಬೇರೆ ಮಾಡಿ ನೋಡುವುದು ಕಷ್ಟವಲ್ಲ.

ಮೊದಲು ಬಣ್ಣ ಮರೆತುಬಿಡಿ. ಮ್ಯಾಕರಾನ್ ಅಂದರೆ ಎರಡು ಚಿಪ್ಪುಗಳ ನಡುವೆ ಹೂರಣ ಇಟ್ಟ ಪುಟ್ಟ ಸಿಹಿತಿಂಡಿ. ಚಿಪ್ಪು ಅಂದರೆ ಬಾದಾಮಿ ಪುಡಿ, ಸಕ್ಕರೆ, ಮೊಟ್ಟೆಯ ಬಿಳಿ. ಹಸಿರಿರಲಿ, ನೇರಳೆ ಇರಲಿ, ಬಹುಪಾಲು ಚಿಪ್ಪುಗಳ ರುಚಿ ಒಂದೇ. ಹೊಸತೇನಿದ್ದರೂ ಅದು ನಡುವಿನ ಹೂರಣದಲ್ಲಿರುತ್ತದೆ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: ಹೂರಣದಲ್ಲಿ ಏನಿದೆ? ಒಳ್ಳೆ ಅಂಗಡಿಯವರು ಇದನ್ನು ಖುಷಿಯಿಂದ ವಿವರಿಸುತ್ತಾರೆ. ‘ಫ್ಲೇವರ್ ಹಾಕಿದ ಕ್ರೀಮ್’ ಅಂತ ಮಾತು ಮುಗಿಸಿದರೆ ಅದನ್ನು ಬಿಡಿ.

ಎರಡನೆಯದು, ಸಕ್ಕರೆಗೆ ಎದುರು ನಿಲ್ಲುವಂಥದ್ದು ಒಳಗೆ ಇರಲೇಬೇಕು. ಹುಳಿ, ಕಹಿ, ಉಪ್ಪು, ಖಾರ, ಯಾವುದಾದರೂ ಸರಿ. ಕಪ್ಪು ಎಳ್ಳು ಗೆಲ್ಲುವುದು ಹುರಿದ ಎಳ್ಳಿನ ಕಹಿಯಿಂದ. ಪ್ಯಾಶನ್ ಫ್ರೂಟ್ ಗೆಲ್ಲುವುದು ಹುಳಿಯಿಂದ. ವಸಾಬಿಯ ಘಾಟು ಮೂಗಿಗೆ ಹತ್ತಿ ತಕ್ಷಣ ಇಳಿದುಹೋಗುತ್ತದೆ, ಆ ಹೊತ್ತಿಗೆ ಸಿಹಿ ಬಂದು ಸಮಾಧಾನ ಮಾಡುತ್ತದೆ. ಪ್ಯಾರಿಸ್‌ನಲ್ಲಿರುವ ಜಪಾನಿ ಶೆಫ್ ಸಾದಾಹಾರು ಅಓಕಿ ಅವರ ಅಂಗಡಿಗಳು ಮಾಚಾ (ಜಪಾನಿನ ಹಸಿರು ಚಹಾದ ಪುಡಿ), ಕಪ್ಪು ಎಳ್ಳು, ವಸಾಬಿಯಂಥ ರುಚಿಗಳಿಗೇ ಹೆಸರಾಗಿವೆ.

ನನಗೆ ತುಂಬ ಇಷ್ಟವಾದದ್ದು ಫ್ರೆಂಚ್ ಪೇಸ್ಟ್ರಿ ಶೆಫ್ ಪಿಯೆರ್ ಎರ್ಮೆ ಅವರ ಆಲಿವ್ ಎಣ್ಣೆ–ವೆನಿಲಾ. ಎಣ್ಣೆಯನ್ನು ಬಿಳಿ ಚಾಕೊಲೇಟಿನ ಜೊತೆ ಕಲಸಿ ಗಣಾಶ್, ಅಂದರೆ ಮೆತ್ತನೆಯ ಚಾಕೊಲೇಟ್ ಹೂರಣ, ಮಾಡುತ್ತಾರೆ. ಪರಿಮಳ ಕೊಬ್ಬಿನಲ್ಲಿ ಕರಗಿ ಕೂತಿರುತ್ತದೆ. ಬಾಯಿಗಿಟ್ಟ ತಕ್ಷಣ ಗೊತ್ತಾಗುವುದೇ ಇಲ್ಲ. ಚಿಪ್ಪು ಸಣ್ಣಗೆ ಬಿರಿಯುತ್ತದೆ, ವೆನಿಲಾ ಬರುತ್ತದೆ, ನುಂಗಿದ ಮೇಲೆ ನಿಧಾನಕ್ಕೆ ಹಸಿ ಆಲಿವ್ ಕಾಯಿಯ ಘಮ ಮೇಲೇಳುತ್ತದೆ. ಇನ್ನೊಂದು ತುಂಡು ತಿನ್ನುವ ಅವಸರ ಮಾಡಿದರೆ ಆ ಭಾಗವೇ ತಪ್ಪಿಹೋಗುತ್ತದೆ.

ಅವರದೇ ಇಸ್ಪಹಾನ್ ಕೂಡ ಬಿಡಬೇಡಿ. ಗುಲಾಬಿ, ಲಿಚಿ, ರಾಸ್ಪ್‌ಬೆರಿ. ಈ ಜೋಡಣೆಯನ್ನು ಅವರು 1997ರಲ್ಲಿ, ಪ್ಯಾರಿಸ್‌ನ ಹಳೆಯ ಪೇಸ್ಟ್ರಿ ಅಂಗಡಿ ಲಾದ್ಯುರೆಯಲ್ಲಿದ್ದಾಗ ರೂಪಿಸಿದರು. ಪ್ಯಾರಿಸ್‌ನಲ್ಲಿ ಸ್ವಂತ ಅಂಗಡಿ ತೆರೆದದ್ದು 2001ರಲ್ಲಿ, ಬೊನಾಪಾರ್ತ್ ಬೀದಿಯಲ್ಲಿ. ಬರೀ ಗುಲಾಬಿ ಹಾಕಿದ್ದರೆ ಬೇಗ ಸಾಕಪ್ಪಾ ಅನಿಸುತ್ತದೆ. ರಾಸ್ಪ್‌ಬೆರಿಯ ಹುಳಿ ಅದನ್ನು ಹಿಡಿತದಲ್ಲಿಡುತ್ತದೆ. ಋತುವಿಗೆ ತಕ್ಕಂತೆ ರುಚಿಗಳು ಬದಲಾಗುತ್ತಿರುತ್ತವೆ, ಒಂದೇ ಹೆಸರು ಹಿಡಿದು ಹೋಗಬೇಡಿ.

ಪ್ರಶ್ನೆ (ಇನ್ನೊಬ್ಬ ಮಹಿಳೆ): ನಾನು ಒಮ್ಮೆ ಪ್ರವಾಸದಲ್ಲಿ ಲ್ಯಾವೆಂಡರ್ ಮ್ಯಾಕರಾನ್ ತಿಂದಿದ್ದೆ. ಸೋಪು ಕಚ್ಚಿದ ಹಾಗಿತ್ತು! ಅದು ನನ್ನ ನಾಲಿಗೆಯ ತಪ್ಪಾ?

ಉತ್ತರ: ಖಂಡಿತ ಅಲ್ಲ ಮೇಡಂ. ಲ್ಯಾವೆಂಡರ್‌ನ ಪರಿಮಳಕ್ಕೆ ಒಂದು ಮುಖ್ಯ ಕಾರಣ ಲಿನಾಲೂಲ್ ಅನ್ನುವ ರಾಸಾಯನಿಕ. ಸೋಪು, ಸೆಂಟುಗಳಲ್ಲೂ ಅದನ್ನೇ ಬಳಸುತ್ತಾರೆ. ಸ್ವಲ್ಪ ಜಾಸ್ತಿಯಾದರೂ ನಮ್ಮ ತಲೆ ‘ಸೋಪು’ ಅಂತಲೇ ಓದಿಕೊಳ್ಳುತ್ತದೆ. ಹೂವನ್ನು ಬಿಸಿ ಕ್ರೀಮಿನಲ್ಲಿ ಕೆಲವೇ ನಿಮಿಷ ನೆನೆಸಿ ಸೋಸಿ ತೆಗೆದರೆ ಹಿತವಾಗಿರುತ್ತದೆ. ಎಸೆನ್ಸ್ ಸುರಿದರೆ ಕೆಡುತ್ತದೆ. ಹೂವಿನ ರುಚಿ ಆರಿಸುವಾಗ ಜೇನು, ನಿಂಬೆ, ಏಪ್ರಿಕಾಟ್ ಏನಾದರೂ ಜೊತೆಗಿದ್ದದ್ದನ್ನು ತಗೊಳ್ಳಿ.

ಪ್ರಶ್ನೆ (ಮತ್ತೊಬ್ಬರು): ನಾವು ಸಸ್ಯಾಹಾರಿಗಳು, ಮೊಟ್ಟೆ ಮಾತ್ರ ತಿನ್ನುತ್ತೇವೆ. ಏನಾದರೂ ಎಚ್ಚರಿಕೆ ಬೇಕಾ?

ಉತ್ತರ: ಬೇಕು. ಕೆಲವು ಹೂರಣಗಳಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ಕೆಂಪು, ಗುಲಾಬಿ ಬಣ್ಣಕ್ಕೆ ಕೆಲವರು ಇ120 ಬಳಸುತ್ತಾರೆ, ಅದು ಕೊಚಿನೀಲ್ ಅನ್ನುವ ಕೀಟದಿಂದ ಬರುವ ಬಣ್ಣ. ಕ್ರಿಸ್‌ಮಸ್ ಹೊತ್ತಿಗೆ ಹೋದರೆ ಫೊಯ್ ಗ್ರಾ ಹಾಕಿದ್ದೂ ಕಾಣಬಹುದು. ಅದು ಬಾತಿನ ಇಲ್ಲವೇ ಹೆಬ್ಬಾತಿನ ಯಕೃತ್ತು. ಮದ್ಯ ಬೆರೆಸಿದವೂ ಇವೆ. ಪದಾರ್ಥಗಳ ಪಟ್ಟಿ ಕೇಳಿ ನೋಡಿ, ಸಂಕೋಚ ಬೇಡ. ಬಿಡಿಯಾಗಿ ಮಾರುವ ತಿಂಡಿಗೂ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಬೇಕು ಅಂತ ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರ್‌ನಿಂದ ನಿಯಮವಿದೆ. ಆದರೆ ಜೆಲಟಿನ್, ಇ120 ಆ 14ರಲ್ಲಿ ಬರುವುದಿಲ್ಲ. ಅವೆರಡನ್ನೂ ಬೇರೆಯಾಗಿಯೇ ಕೇಳಬೇಕು. ಬಾದಾಮಿ ಅಲರ್ಜಿ ಇರುವವರು ಮ್ಯಾಕರಾನಿನ ಹತ್ತಿರ ಹೋಗದಿರುವುದೇ ಒಳ್ಳೆಯದು.

ಪ್ರಶ್ನೆ (ಮೊದಲು ಕೇಳಿದವರು): ಧನ್ಯವಾದ ಮೇಡಂ. ಒಂದು ಡಬ್ಬಿ ಕೊಂಡು ವಿಮಾನದಲ್ಲಿ ತಿನ್ನುತ್ತಾ ಬರೋಣ ಅಂದುಕೊಂಡಿದ್ದೆವು. ತಿನ್ನುವುದಕ್ಕೂ ಏನಾದರೂ ಕ್ರಮ ಇದೆಯಾ?

ಉತ್ತರ: ವಿಮಾನದಲ್ಲಿ ಮಾತ್ರ ಬೇಡ ಸರ್! ಕ್ಯಾಬಿನ್‌ನ ಒಣ ಗಾಳಿ, ಕಡಿಮೆ ಒತ್ತಡದಲ್ಲಿ ಮೂಗು ಅರ್ಧ ಕೆಲಸ ನಿಲ್ಲಿಸಿರುತ್ತದೆ. ಸಿಹಿಯೂ ಮಂಕಾಗುತ್ತದೆ. ಆಲಿವ್ ಎಣ್ಣೆ, ಮಾಚಾದಂಥ ನವಿರು ರುಚಿಗಳು ಅಲ್ಲಿ ಪೂರ್ತಿ ದಂಡ. ಮನೆಗೆ ಒಯ್ಯಲೇಬೇಕಾದರೆ ಹೊರಡುವ ದಿನವೇ ಕೊಂಡು, ಗಟ್ಟಿ ಡಬ್ಬಿಯಲ್ಲಿ, ಕೈಚೀಲದಲ್ಲೇ ಇಟ್ಟುಕೊಳ್ಳಿ. ಲಗೇಜಿಗೆ ಹಾಕಿದರೆ ಪುಡಿಯಾಗುತ್ತದೆ. ಚಾಕೊಲೇಟ್ ಹೂರಣದವು ತಡೆದುಕೊಳ್ಳುತ್ತವೆ, ಹಣ್ಣಿನ ಹೂರಣದವು ಬೇಗ ಮೆತ್ತಗಾಗುತ್ತವೆ.

ಕ್ರಮ ಅಂದರೆ ಇಷ್ಟೇ. ಅಂಗಡಿಯಲ್ಲಿ ತಂಪಾಗಿಟ್ಟಿರುತ್ತಾರೆ. ತಣ್ಣಗಿದ್ದರೆ ಕೊಬ್ಬು ಗಟ್ಟಿಯಾಗಿ ಘಮ ಹೊರಗೇ ಬರಲ್ಲ, ಆದ್ದರಿಂದ 15–20 ನಿಮಿಷ ಹೊರಗಿಡಿ. ಜೊತೆಗೆ ನೀರು ಸಾಕು. ಎಲ್ಲ ತಿಂದು ಮುಗಿದ ಮೇಲೆ ಕಾಫಿ ಕುಡಿಯಿರಿ, ಇಲ್ಲದಿದ್ದರೆ ಎಲ್ಲಕ್ಕೂ ಕಾಫಿಯದೇ ರುಚಿ. ಒಂದನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳಿ, ಆಗ ಹೊಟ್ಟೆ ತುಂಬದೆ ಎರಡರಷ್ಟು ರುಚಿ ನೋಡಬಹುದು. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ, ಅರ್ಧ ರುಚಿ ಅಲ್ಲೇ ಇರುವುದು.

ನಾನಾಗಿದ್ದರೆ ಆಲಿವ್ ಎಣ್ಣೆಯಿಂದ ಶುರುಮಾಡಿ, ಆಮೇಲೆ ಮಾಚಾ, ಇಸ್ಪಹಾನ್, ಪ್ಯಾಶನ್ ಫ್ರೂಟ್, ಕಪ್ಪು ಎಳ್ಳು ಅಂತ ಹೋಗುತ್ತಿದ್ದೆ. ವಸಾಬಿ ಕೊನೆಗೆ. ಅದಾದ ಮೇಲೆ ಅರ್ಧ ಗಂಟೆ ಬೇರೇನೂ ಬೇಡ.