ಪ್ರಾಕ್ಟರ್ ಆದವರ ಕೆಲಸ ಎಷ್ಟು, ವಿದ್ಯಾರ್ಥಿಯದು ಎಷ್ಟು? ಅನುಭವ ಇರುವವರು ಹೇಳಿ

ಕೇಳಿದವರು: ಸಹಾಯಕ ಪ್ರಾಧ್ಯಾಪಕಿ, ಎಲೆಕ್ಟ್ರಾನಿಕ್ಸ್

ನಮ್ಮದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಧೀನದ ಎಂಜಿನಿಯರಿಂಗ್ ಕಾಲೇಜು, ಸ್ವಾಯತ್ತ ಅಲ್ಲ, 2022ರ ಸ್ಕೀಮ್ (ಪಠ್ಯ ಮತ್ತು ಪರೀಕ್ಷಾ ನಿಯಮ). 3ನೇ ಸೆಮ್‌ನ 21 ಮಕ್ಕಳಿಗೆ ನನ್ನನ್ನು ಪ್ರಾಕ್ಟರ್ ಮಾಡಿದ್ದಾರೆ, ಅಂದರೆ ಅವರ ಹಾಜರಿ, ಓದು ನೋಡಿಕೊಳ್ಳುವ ಮಾರ್ಗದರ್ಶಕಿ. ಫೈಲು, ಸಹಿ, ಮನೆಗೆ ಫೋನು, ಇಷ್ಟು ಗೊತ್ತು. ಎಲ್ಲಿಯವರೆಗೆ ನನ್ನ ಹೊಣೆ, ಎಲ್ಲಿಂದಾಚೆ ಅವರದು?

ಹಿರಿಯ ಪ್ರಾಧ್ಯಾಪಕ, ಮೆಕ್ಯಾನಿಕಲ್

ಮೇಡಂ, ಲೆಕ್ಕವನ್ನು ಸಕಾಲಕ್ಕೆ ಮುಂದಿಡುವುದು ನಿಮ್ಮದು, ಅದರಂತೆ ನಡೆಯುವುದು ಅವರದು. ಹಾಜರಿಯಿಂದಲೇ ಶುರು ಮಾಡಿ. 85% ಬೇಕು ಅನ್ನುವುದು ಎಲ್ಲರಿಗೂ ಬಾಯಿಪಾಠ. ಆದರೆ ಸೆಮಿಸ್ಟರ್ ನಡುವೆ ಶೇಕಡಾವಾರು ಮಾತ್ರ ನೋಡಿದರೆ ಮೋಸ ಹೋಗುತ್ತೇವೆ.

ಒಂದು ವಿಷಯಕ್ಕೆ ಒಟ್ಟು 40 ತರಗತಿ ಅಂತಿಟ್ಟುಕೊಳ್ಳಿ. 85% ಅಂದರೆ 34, ತಪ್ಪಿಸಬಹುದಾದದ್ದು 6. ಇಪ್ಪತ್ತು ತರಗತಿ ಮುಗಿದಾಗ 6 ತಪ್ಪಿಸಿದವನ ಹಾಜರಿ 70%. ನೋಡಿದರೆ ಗಾಬರಿಯಾಗುತ್ತದೆ, ಆದರೆ ಉಳಿದ ಇಪ್ಪತ್ತಕ್ಕೂ ಬಂದರೆ ಸರಿಯಾಗಿ 85% ಮುಟ್ಟುತ್ತಾನೆ. 35 ತರಗತಿ ಆದಾಗ 7 ತಪ್ಪಿಸಿದವನದು 80%. ಪರವಾಗಿಲ್ಲ ಅನಿಸುತ್ತದೆ, ಆದರೆ ಉಳಿದ ಐದಕ್ಕೂ ಬಂದರೂ 82.5%ಕ್ಕೆ ನಿಲ್ಲುತ್ತದೆ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಪ್ರತಿ ವಿಷಯಕ್ಕೂ 'ಇನ್ನೆಷ್ಟು ತಪ್ಪಿಸಬಹುದು' ಎಂಬ ಒಂದೇ ಅಂಕಿ ಬರೆದುಕೊಡಿ. ಸೊನ್ನೆಗೆ ಬಂದವರನ್ನು ಅಂದೇ ಕರೆಸಿ.

75ರಿಂದ 85ರ ನಡುವೆ ಇರುವವರಿಗೆ ಸರಿಯಾದ ಕಾರಣವಿದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ವಿನಾಯಿತಿ ಸಿಗಬಹುದು. ಅದು ಹಕ್ಕಲ್ಲ. ವೈದ್ಯರ ಪತ್ರ ಅಥವಾ ಕ್ರೀಡಾಕೂಟದ ಪತ್ರವನ್ನು ವಾಪಸ್ ಬಂದ ದಿನವೇ ತಂದುಕೊಡುವುದು ವಿದ್ಯಾರ್ಥಿಯ ಕೆಲಸ. ಸೆಮಿಸ್ಟರ್ ಕೊನೆಗೆ ಹಳೇ ತಾರೀಕಿನ ಪತ್ರ ಬಂದರೆ ಯಾರಿಗೂ ನಂಬಿಕೆ ಬರುವುದಿಲ್ಲ.

ಇನ್ನು ಅಂಕ. ಇಲ್ಲಿ ಬಹಳ ಮಕ್ಕಳು ಎಡವುತ್ತಾರೆ. ಸಿಐಇಯಲ್ಲಿ (ಸೆಮಿಸ್ಟರ್ ಉದ್ದಕ್ಕೂ ಕಾಲೇಜಿನಲ್ಲೇ ಕೊಡುವ ಆಂತರಿಕ ಅಂಕ) 50ಕ್ಕೆ 20 ಬೇಕು, ಇಲ್ಲದಿದ್ದರೆ ಅಂತಿಮ ಪರೀಕ್ಷೆಗೇ ಅವಕಾಶವಿಲ್ಲ. ಎಸ್‌ಇಇಯಲ್ಲಿ, ಅಂದರೆ ಆ ಅಂತಿಮ ಪರೀಕ್ಷೆಯಲ್ಲಿ, 50ಕ್ಕೆ 18 ಬೇಕು; ಪತ್ರಿಕೆ 100 ಅಂಕದ್ದು, ಅದನ್ನು 50ಕ್ಕೆ ಇಳಿಸುತ್ತಾರೆ. ಎರಡನ್ನೂ ಅಂಚಿನಲ್ಲಿ ದಾಟಿದವನ ಮೊತ್ತ 38. ಒಟ್ಟು 40 ಆಗಬೇಕಾದ್ದರಿಂದ ಅವನು ಫೇಲ್! ಸಿಐಇಯಲ್ಲಿ 20 ಇದ್ದವನು 100 ಅಂಕದ ಉತ್ತರ ಪತ್ರಿಕೆಯಲ್ಲಿ 35 ಅಲ್ಲ, ಸುಮಾರು 40 ತೆಗೆಯಬೇಕು. ಸಿಐಇ ಅಂಕ ಬಂದ ಕೂಡಲೇ 20, 21 ಇರುವವರ ಪಟ್ಟಿ ಮಾಡಿ ಇದನ್ನು ಬಿಡಿಸಿ ಹೇಳಿ.

7ನೇ ಸೆಮ್ ವಿದ್ಯಾರ್ಥಿ

ಮೇಡಂ, ನಮ್ಮ ಕಡೆಯ ಮಾತು. ಪ್ರಾಕ್ಟರ್ ಹತ್ತಿರ ಬರಿಗೈಲಿ ಹೋದರೆ ಹತ್ತು ನಿಮಿಷ ಹುಡುಕಾಟದಲ್ಲೇ ಮುಗಿಯುತ್ತದೆ. ಪೋರ್ಟಲ್‌ನ ಹಾಜರಿಯನ್ನು ನಮ್ಮ ಲೆಕ್ಕದ ಜೊತೆ ತಾಳೆ ನೋಡಿ, ತಪ್ಪಿದ್ದರೆ ತಾರೀಕು ಮತ್ತು ಪೀರಿಯಡ್ ಬರೆದುಕೊಂಡು ಹೋಗಬೇಕು. ಅದನ್ನು ತಿದ್ದುವವರು ಆ ವಿಷಯದ ಅಧ್ಯಾಪಕರು, ಪ್ರಾಕ್ಟರ್ ಅಲ್ಲ. ತಿಂಗಳು ಕಳೆದ ಮೇಲೆ ಕೇಳಿದರೆ ಅವರಿಗೂ ನೆನಪಿರುವುದಿಲ್ಲ.

ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ (ತರಗತಿಯ ಹೊರಗಿನ ಸಮಾಜಮುಖಿ ಕೆಲಸಕ್ಕೆ ಸಿಗುವ ಪಾಯಿಂಟ್) ಬಗ್ಗೆ 3ನೇ ಸೆಮ್‌ನಲ್ಲೇ ಹೇಳಿಬಿಡಿ. ಮೊದಲ ವರ್ಷಕ್ಕೆ ಸೇರಿದವರಿಗೆ 100, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಸಿಜಿಪಿಎಗೆ ಸೇರುವುದಿಲ್ಲ ಅಂತ ಎಲ್ಲರೂ ಮುಂದೂಡುತ್ತಾರೆ, ಆದರೆ ಅದು ತುಂಬದಿದ್ದರೆ ಪದವಿಯೇ ನಿಲ್ಲುತ್ತದೆ. ಕೆಲಸ ಮಾಡಿದ ವಾರವೇ ಸಂಸ್ಥೆಯ ಪತ್ರ, ತಾರೀಕಿರುವ ಫೋಟೊ, ಅರ್ಧ ಪುಟದ ವರದಿ ಒಪ್ಪಿಸುವುದು ನಮ್ಮ ಹೊಣೆ. ನೋಡಿ ಪಾಯಿಂಟ್ ದಾಖಲಿಸುವುದು ನಿಮ್ಮದು.

ಎನ್‌ಪಿಟಿಇಎಲ್‌ನಲ್ಲೂ (ಐಐಟಿಗಳು ಮುಂತಾದವು ನಡೆಸುವ ಆನ್‌ಲೈನ್ ಕೋರ್ಸ್) ಒಂದು ಗೊಂದಲ ಇದೆ. ಕೋರ್ಸಿಗೆ ಸೇರುವುದು ಉಚಿತ, ಪರೀಕ್ಷೆಗೆ ಬೇರೆ ನೋಂದಣಿ, ಬೇರೆ ಶುಲ್ಕ. ಅಸೈನ್‌ಮೆಂಟ್ ಎಲ್ಲ ಮುಗಿಸಿ ಪರೀಕ್ಷೆಯ ನೋಂದಣಿ ಮರೆತರೆ ಪ್ರಮಾಣಪತ್ರ ಇಲ್ಲ.

ಕಾಲೇಜು ಕಚೇರಿ, ವಿದ್ಯಾರ್ಥಿವೇತನ ವಿಭಾಗ

ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಹಾಕುವುದು ವಿದ್ಯಾರ್ಥಿ. ದಾಖಲೆ ದೃಢೀಕರಿಸುವುದು ಕಾಲೇಜಿನ ಇ-ದೃಢೀಕರಣ ಅಧಿಕಾರಿ. ಪ್ರಾಕ್ಟರ್ ನೆನಪಿಸಿದರೆ ಸಾಕು. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರು ಬೇರೆ ಇದ್ದಾಗ, ಹಣ ನಿಲ್ಲುವುದು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿದ್ದಾಗ. ಎರಡನ್ನೂ ಅರ್ಜಿ ಶುರುವಾಗುವ ಮುಂಚೆಯೇ ಸರಿಮಾಡಿಸಿಕೊಳ್ಳಲಿ.

ಪ್ರಾಧ್ಯಾಪಕಿ, ಸಿವಿಲ್

ಫೈಲಿನ ಬಗ್ಗೆ ಹೇಳುತ್ತೇನೆ. 'ಚೆನ್ನಾಗಿ ಓದಲು ಸಲಹೆ ನೀಡಲಾಯಿತು' ಎಂದು ಬರೆದ ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ. ಹೀಗೆ ಬರೆಯಿರಿ: 'ಗಣಿತ, 18ರಲ್ಲಿ 5 ಗೈರು, ಇನ್ನು 1 ಮಾತ್ರ ತಪ್ಪಿಸಬಹುದು. ಮೊದಲ ಟೆಸ್ಟಿನ ಉತ್ತರ ಪತ್ರಿಕೆ ತೆಗೆದುಕೊಂಡು ಸೋಮವಾರದೊಳಗೆ ವಿಷಯದ ಅಧ್ಯಾಪಕರನ್ನು ಕಾಣಬೇಕು. ಬುಧವಾರ ಮತ್ತೆ ಭೇಟಿ.' ಕೆಳಗೆ ಇಬ್ಬರ ಸಹಿ. ಬುಧವಾರ ನೀವು ಕರೆಸದಿದ್ದರೆ ತಪ್ಪು ನಿಮ್ಮದು, ಸೋಮವಾರ ಅವನು ಹೋಗದಿದ್ದರೆ ಅವನದು.

ಮನೆಗೆ ಫೋನ್ ಮಾಡುವ ಮುಂಚೆ, ಏನು ಹೇಳಲಿದ್ದೀರಿ ಅಂತ ವಿದ್ಯಾರ್ಥಿಗೆ ತಿಳಿಸಿ. ಬೆನ್ನ ಹಿಂದೆ ದೂರು ಹೋಯಿತು ಅನಿಸಿದರೆ ಆ ಮಗು ಮತ್ತೆ ನಿಮ್ಮ ಬಳಿ ಬಾಯಿ ಬಿಡುವುದಿಲ್ಲ.

ಆದರೆ ಜೀವದ ಮಾತು ಬಂದರೆ, ಮೊದಲು ವಿದ್ಯಾರ್ಥಿಗೆ ತಿಳಿಸಬೇಕೆಂಬ ಈ ನಿಯಮ ಇಲ್ಲ. ಊಟ ಬಿಟ್ಟಿದ್ದಾರೆ, ವಾರಗಟ್ಟಲೆ ರೂಮಿನಿಂದ ಬಂದಿಲ್ಲ, ಬದುಕಿ ಏನು ಪ್ರಯೋಜನ ಅನ್ನುತ್ತಿದ್ದಾರೆ ಅಂದರೆ ಒಬ್ಬರನ್ನೇ ಬಿಡಬೇಡಿ. ಕಾಲೇಜಿನ ಆಪ್ತ ಸಮಾಲೋಚಕರಿಗೆ ಅಂದೇ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ನೀವು ಚಿಕಿತ್ಸಕಿ ಆಗಬೇಕಿಲ್ಲ. ಕೇಳಿಸಿಕೊಂಡು ಸರಿಯಾದ ಕೈಗೆ ಒಪ್ಪಿಸಬೇಕು.

ಕೇಳಿದವರು

ತುಂಬಾ ಉಪಕಾರವಾಯಿತು. ಒಂದೇ ಅನುಮಾನ. ಮುಂದೆ ಮಕ್ಕಳು 'ಓಪನ್ ಎಲೆಕ್ಟಿವ್ ಯಾವುದು ತಗೊಳ್ಳಲಿ, ನೀವೇ ಹೇಳಿ ಮೇಡಂ' ಅಂದರೆ? (ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಐಚ್ಛಿಕ ವಿಷಯ ಅದು.)

ಹಿರಿಯ ಪ್ರಾಧ್ಯಾಪಕ, ಮೆಕ್ಯಾನಿಕಲ್

ಹೆಸರು ಹೇಳಬೇಡಿ. ಸ್ವಂತ ವಿಭಾಗದ್ದು ತೆಗೆದುಕೊಳ್ಳುವಂತಿಲ್ಲ ಅನ್ನುವ ನಿಯಮ ತಿಳಿಸಿ. ಪಠ್ಯಕ್ರಮದ ಐದೂ ಮಾಡ್ಯೂಲ್ ಓದಿ, ಹಳೆಯ ಎರಡು ಪ್ರಶ್ನೆಪತ್ರಿಕೆ ನೋಡಿ, ಎರಡು ವಿಷಯ ಆರಿಸಿ ಕಾರಣ ಬರೆದುಕೊಂಡು ಬರಲು ಹೇಳಿ. ಯಾವ ವಿಷಯಕ್ಕೆ ಯಾವ ಗಣಿತ ಬೇಕು, ಮುಂದಿನ ಪ್ರಾಜೆಕ್ಟಿಗೆ ಯಾವುದು ಕೂಡಿಬರುತ್ತದೆ ಅನ್ನುವುದು ನಿಮಗೆ ಗೊತ್ತಿರುತ್ತದೆ, ಅದನ್ನು ಹೇಳಿ. ಫಾರಂನಲ್ಲಿ ವಿಷಯದ ಕೋಡ್ ಮಾತ್ರ ಅವರ ಕೈಯಿಂದಲೇ ಬರೆಸಿ.